ಪ್ಲಾಟ್ ಆಗದ ಮೂಲೆ

“ಆ ಮೂಲೀನೂ ಪ್ಲಾಟ್ ಮಾಡಿಬಿಡ್ರಿ, ನಾನೇ ತಗೋತೀನಿ,” ಎಂದು ವ್ಯಾಪಾರಿಯೊಬ್ಬರು ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗ ತೋರಿಸಿದರು. ಎಪ್ಪತ್ತರ ದಶಕದಲ್ಲಿ ಜಹೀರಾಬಾದಿನ ಅಂಚಿನ ಹೊಲವೊಂದು ಬಡಾವಣೆಯಾಗುತ್ತಿತ್ತು; ನಾನೂ ಪ್ಲಾಟ್ ನೋಡಲು ಹೋಗಿದ್ದೆ. ಹೊಲದ ಮಾಲಕ ಬಸಪ್ಪನವರು ಆ ಮೂಲೆಗೆ ಹೋಗಿ, ಚಪ್ಪಲಿ ಬಿಟ್ಟು, ನೆಲದ ಮೇಲೆ ಕೈಯಿಟ್ಟರು.

“ನನ್ನ ಮಗಳಿಗಿ ಇಲ್ಲೇ ಮಣ್ಣು ಮಾಡೀವ್ರಿ. ಭಾಳ ಸಣ್ಣಾಕಿ ಇದ್ಳು. ಆಕಿ ಮ್ಯಾಲ ಗ್ವಾಡಿ ಏಳೂದು ಬ್ಯಾಡ. ಗಿಡ ಹಚ್ರಿ, ನಿಮ್ಮ ಮಕ್ಕಳು ಆಡ್ಲಿ,” ಎಂದರು.

ವ್ಯಾಪಾರಿ ನಕ್ಷೆ ಮಡಚಿಟ್ಟು, ತಾವೂ ಚಪ್ಪಲಿ ಕಳಚಿ ಬಸಪ್ಪನವರ ಪಕ್ಕ ಕೂತರು.

ಊರು ಈಗ ನಮ್ಮ ಬಡಾವಣೆಯನ್ನೂ ದಾಟಿ ಬೆಳೆದಿದೆ. ನಡುವೆ ನೆರಳು ಉಳಿದಿರುವುದು ಆ ಮೂಲೆಯಲ್ಲಿ ಮಾತ್ರ. ಸಂಜೆ ಅಲ್ಲಿ ಮಕ್ಕಳ ಗದ್ದಲ ಎಷ್ಟೇ ಜೋರಾದರೂ, ಗದರಿಸಲು ನನಗೆ ಬಾಯಿ ಬರುವುದಿಲ್ಲ.