ನೀರು ಕುಡಿದ ಮದರಂಗಿ

ಗಿಡಗಳಿಗೂ ನಮ್ಮ ಹಾಗೆಯೇ ನೋವಾಗುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಬೆಳಿಗ್ಗೆ ಎದ್ದರೆ ಮೊಬೈಲಿಗೆ ಅಂಥದ್ದೊಂದು ಸಂದೇಶ ಬಂದು ಬಿದ್ದಿರುತ್ತದೆ, ಕೈಮುಗಿದ ಚಿತ್ರದ ಸಮೇತ. ಗಿಡಕ್ಕೆ ನರವಿಲ್ಲ, ಮಿದುಳಿಲ್ಲ. ಅದಕ್ಕೆ ಆಗುವುದೇ ಬೇರೆ. ಶಿವಮೊಗ್ಗದ ಒಂದು ಪ್ರಯೋಗಾಲಯದಲ್ಲಿ ಟೊಮೆಟೊ ಎಲೆಗಳಿಗೆ ಅಂಗಮಾರಿ ರೋಗ ಅಂಟಿಸಿ, ಆಮೇಲೆ ಆ ಎಲೆಯೊಳಗೆ ಏನೇನು ನಡೆಯುತ್ತದೆ ಎಂದು ನೋಡುವುದೇ ನನ್ನ ಕೆಲಸ. ಮದುವೆಮನೆಗಳಲ್ಲಿ ಇದನ್ನು ಹೇಳಿದರೆ ಜನ ನನ್ನನ್ನು ಒಂದು ಥರ ನೋಡುತ್ತಾರೆ. ಚೆನ್ನಾಗಿರುವ ಗಿಡಕ್ಕೆ ರೋಗ ಬರಿಸುವವಳು ಎಂದು.

ಎಲೆಯ ಮೇಲೆ ರೋಗಾಣು ಕೂತರೆ, ಅಲ್ಲಿಯ ಜೀವಕೋಶದ ಪೊರೆಯಲ್ಲಿರುವ ಪ್ರೋಟೀನುಗಳು ಅದರ ಗುರುತು ಹಿಡಿಯುತ್ತವೆ. ಹೊರಗಿದ್ದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಸುಮ್ಮನಿದ್ದ ವಂಶವಾಹಿಗಳು ಕೆಲಸ ಶುರುಮಾಡುತ್ತವೆ. ಎಷ್ಟೋ ಸಲ ರೋಗಾಣುವಿನ ಸುತ್ತಲಿನ ಕೋಶಗಳು ತಾವಾಗಿಯೇ ಸತ್ತುಬಿಡುತ್ತವೆ, ಅದು ಮುಂದಕ್ಕೆ ಹೋಗದಿರಲಿ ಎಂದು. ಈ 'ಎಂದು' ಅನ್ನುವುದು ನನ್ನ ಮಾತು, ಅವುಗಳದ್ದಲ್ಲ. ಅಲ್ಲಿಂದ ಒಂದು ಸುದ್ದಿಯೂ ಹೊರಡುತ್ತದೆ. ಸ್ಯಾಲಿಸಿಲಿಕ್ ಆಮ್ಲವೂ ಅದರ ಬಳಗದ ಅಣುಗಳೂ ಸೇರಿ, ಇನ್ನೂ ಏನೂ ಆಗದ ದೂರದ ಎಲೆಗಳನ್ನು ಮೊದಲೇ ಎಚ್ಚರಿಸುತ್ತವೆ. ಆದರೆ ಗಿಡಕ್ಕೆ ಎರಡು ಕೆಲಸ ಒಟ್ಟಿಗೆ ಸಾಗುವುದಿಲ್ಲ. ಕಾವಲಿಗೆ ನಿಂತರೆ ಬೆಳವಣಿಗೆ ಕುಂಟುತ್ತದೆ. ಹೊಟ್ಟೆತುಂಬ ಉಂಡು ಬೆಳೆಯುವ ಗಿಡ ಕಾವಲಿನಲ್ಲಿ ಸೋಮಾರಿ.

ಇದನ್ನೆಲ್ಲ ಒಮ್ಮೆ ಅಮ್ಮಿಗೆ, ನನ್ನ ತಾಯಿಗೆ, ವಿವರಿಸಿದ್ದೆ. ಎಲೆಯನ್ನು ದ್ರವ ಸಾರಜನಕದಲ್ಲಿ ಗಟ್ಟಿಯಾಗಿಸಿ, ಕಲ್ಲಿನಲ್ಲಿ ನುಣ್ಣಗೆ ಅರೆದು, ಅದರೊಳಗಿನದನ್ನು ತೆಗೆಯುತ್ತೇವೆ ಎಂದಾಗ ಅಮ್ಮಿ ಬಿದ್ದು ಬಿದ್ದು ನಕ್ಕಿದ್ದಳು. "ಇಷ್ಟು ವರ್ಷ ಓದಿ ಕೊನೆಗೆ ಸೊಪ್ಪು ಅರೆಯೋಕೆ ಹೋದ್ಯಾ, ಮಾರಾಯ್ತಿ? ಅದನ್ನ ನಾನೇ ಕಲಿಸಿಕೊಡ್ತಿದ್ನಲ್ಲ!"

ಮನೆಯಲ್ಲಿ ನಮ್ಮದು ದಖ್ನಿ ಉರ್ದು. ಆದರೆ ಬಯ್ಯುವುದಕ್ಕೂ ಗೇಲಿಗೂ ಕನ್ನಡವೇ ಸರಿ ಎಂದು ಅಮ್ಮಿ ನಂಬಿದ್ದಳು. ಹಾಗಾಗಿ ಅವಳ ಮಾತುಗಳು ನನ್ನ ನೆನಪಿನಲ್ಲಿ ಹೆಚ್ಚಾಗಿ ಕನ್ನಡದಲ್ಲೇ ಉಳಿದಿವೆ.

ಅಮ್ಮಿ ಅರೆಯುತ್ತಿದ್ದದ್ದು ಮದರಂಗಿ. ಭದ್ರಾವತಿಯ ಹಳೇನಗರದಲ್ಲಿ ನಮ್ಮ ಮನೆಯ ಮುಂದಿನ ಗೇಟಿನ ಪಕ್ಕ ಒಂದು ಮದರಂಗಿ ಗಿಡವಿತ್ತು. ಲಾರಿ ಮೆಕ್ಯಾನಿಕ್ ಆಗಿದ್ದ ಅಬ್ಬಾ ಯಾವುದೋ ಊರಿನಿಂದ ಕಡ್ಡಿ ತಂದು ನೆಟ್ಟದ್ದಂತೆ. ಅಬ್ಬಾ ಬೇಗ ಹೋದರು, ಗಿಡ ಉಳಿಯಿತು. ನಮ್ಮ ಬೀದಿಯ ಯಾವ ಮನೆಯಲ್ಲಿ ಮದುವೆಯಾದರೂ, ಜಾತಿ ಮತ ಯಾವುದಾದರೂ, ಹುಡುಗಿಯ ಕೈಗೆ ಆ ಗಿಡದ ಎಲೆಯೇ ಆಗಬೇಕು. ಬಜಾರಿನ ಮದರಂಗಿ ಕೋನ್ ಕಂಡರೆ ಅಮ್ಮಿಗೆ ಆಗುತ್ತಿರಲಿಲ್ಲ. "ಅದು ಬಣ್ಣ ಅಲ್ಲ, ಪೇಂಟು" ಎನ್ನುತ್ತಿದ್ದಳು.

ಅವಳದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಬೀದಿಯಲ್ಲಿ ಮದುವೆ ಗೊತ್ತಾದ ದಿನದಿಂದ ಗಿಡಕ್ಕೆ ನೀರು ಬಂದ್. ಸುಡುಬಿಸಿಲಿದ್ದರೂ ಒಂದು ಚೊಂಬು ನೀರಿಲ್ಲ. ಎಲೆ ಸಣ್ಣಗಾಗಿ, ಒರಟಾಗಿ, ತುದಿ ಸುರುಟಿಕೊಳ್ಳುತ್ತಿತ್ತು. ನೋಡಿದವರಿಗೆ ಅಯ್ಯೋ ಅನಿಸಬೇಕು, ಹಾಗೆ. "ಗಿಡಕ್ಕೂ ರೋಜಾ ಉಪವಾಸ ಹಿಡಿಸಿದ್ದಾರೆ ನಿಮ್ಮಮ್ಮಿ" ಎಂದು ಹುಡುಗಿಯರು ನಗುತ್ತಿದ್ದರು. ಆ ಒಣಕಲು ಎಲೆ ಅರೆದು ಹಚ್ಚಿದರೆ ಮಾತ್ರ ಅಂಗೈ ಹಣ್ಣಾದ ಹುಣಸೆಯ ಬಣ್ಣಕ್ಕೆ ತಿರುಗುತ್ತಿತ್ತು.

ಬಣ್ಣದ ಅಣು ಎಲೆಯೊಳಗೆ ಸಕ್ಕರೆಯ ಜೊತೆ ಕಟ್ಟಿಹಾಕಿಕೊಂಡು ಕೂತಿರುತ್ತದೆ. ಎಲೆ ಜಜ್ಜಿದಾಗ ಕಿಣ್ವವೊಂದು ಆ ಕಟ್ಟು ಬಿಚ್ಚುತ್ತದೆ. ಬಿಡುಗಡೆಯಾದ ಅಣು ಕೀಟಕ್ಕೂ ರೋಗಾಣುವಿಗೂ ವಿಷ, ನಮ್ಮ ಚರ್ಮದ ಪ್ರೋಟೀನಿಗೆ ಮಾತ್ರ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಂದರೆ ಮದುವಣಗಿತ್ತಿಯ ಕೈಯಲ್ಲಿ ನಾವು ನೋಡಿ ಮೆಚ್ಚುವುದು ಒಂದು ಗಿಡದ ಕಾವಲನ್ನು. ಕಷ್ಟಕ್ಕೆ ಸಿಕ್ಕಿದ ಗಿಡದಲ್ಲಿ ಅದು ಹೆಚ್ಚು. ಅಮ್ಮಿಗೆ ಹೇಳಿದಾಗ "ಮತ್ತೆ?" ಎಂದಳು, ಇಷ್ಟೂ ಗೊತ್ತಿಲ್ಲದೆ ಯಾರಾದರೂ ಇರುತ್ತಾರಾ ಎಂಬಂತೆ.

ತಂಗಿಗೆ ಗಂಡು ಗೊತ್ತಾದ ಕೆಲವೇ ದಿನಕ್ಕೆ ಅಮ್ಮಿಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಡಾಕ್ಟರು ಮಾತು ಸುತ್ತಿಬಳಸಲಿಲ್ಲ. ಚಿಕಿತ್ಸೆಗೆಂದು ಅಮ್ಮಿಯನ್ನೂ ತಂಗಿಯನ್ನೂ ಶಿವಮೊಗ್ಗದ ಗೋಪಾಳದಲ್ಲಿರುವ ನನ್ನ ಮನೆಗೆ ಕರೆತಂದೆ. ಮದುವೆಯನ್ನು ಗೊತ್ತಾದ ದಿನಕ್ಕಿಂತ ಬೇಗನೆ ಇಟ್ಟುಕೊಂಡೆವು, ಅಮ್ಮಿ ನೋಡಲಿ ಎಂದು. ಸಾಯಬೇಕಾದ ಕೋಶ ಸಾಯಲು ಒಲ್ಲೆ ಎನ್ನುವುದೇ ಈ ಕಾಯಿಲೆ. ಹಗಲೆಲ್ಲ ಪ್ರಯೋಗಾಲಯದಲ್ಲಿ, ಉಳಿದ ಎಲೆಗಾಗಿ ತಾವೇ ಸಾಯುವ ಕೋಶಗಳನ್ನು ನೋಡಿ, ಸಂಜೆ ಅವಳ ಪಕ್ಕ ಬಂದು ಕೂರುತ್ತಿದ್ದೆ. ನನಗೆ ಎಲ್ಲರ ಮೇಲೂ ಸಿಟ್ಟಿತ್ತು. ನಿಂಬೆಹುಲ್ಲು ಕುದಿಸಿ ಕುಡಿಸಿ ಎಂದವರ ಮೇಲೆ ಇನ್ನೂ ಜಾಸ್ತಿ.

ಅಮ್ಮಿಗೆ ಚಿಂತೆ ಒಂದೇ. ತಂಗಿಯ ಅತ್ತೆಯಾಗುವವರು ಶಿವಮೊಗ್ಗದ ಸವಳಂಗ ರಸ್ತೆಯವರು, ಅವರ ಮನೆಗೆ ಟೈರ್ ಅಂಗಡಿ. ಹುಡುಗಿ ನೋಡಲು ಬಂದ ದಿನ ಆ ಹೆಂಗಸು ಒಮ್ಮೆಯೂ ನಕ್ಕಿರಲಿಲ್ಲ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, "ಹುಡುಗಿ ಆಗಬಹುದು" ಎಂದಷ್ಟೇ ಹೇಳಿ ಎದ್ದಿದ್ದರು. ಅದು ಅಮ್ಮಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

"ನಿನಗಾದ್ರೆ ಕೆಲಸ ಇದೆ, ನಿನ್ನ ಗಂಡ ನಿನಗೆ ಹೆದರ್ತಾನೆ" ಎಂದಳು ಒಂದು ಸಂಜೆ. "ಅವಳಿಗೆ ನಾನು ಹೋದ್ಮೇಲೆ ಯಾರು? ಆ ಅತ್ತೆ ಒಬ್ಬಳೇ. ಮದರಂಗಿ ಎಷ್ಟು ಕೆಂಪಾಗುತ್ತೋ ಅಷ್ಟು ಅತ್ತೆ ಪ್ರೀತಿ ಅಂತಾರಲ್ಲ... ಆ ಬಣ್ಣ ಒಂದು ನೋಡಿಬಿಟ್ರೆ ನನಗೆ ಸಾಕು."

ಮಾಟ, ಮಂತ್ರ, ದೃಷ್ಟಿ, ಯಾವುದನ್ನೂ ನಂಬದ ಹೆಂಗಸು ಅವಳು. ಕೊನೆಗೆ ಇದೊಂದನ್ನು ಹಿಡಿದುಕೊಂಡಳು. ನಾನು ವಾದ ಮಾಡಲಿಲ್ಲ. ನಮ್ಮ ಗಿಡ ಯಾವತ್ತೂ ಕೈಕೊಟ್ಟಿರಲಿಲ್ಲ, ಕೊಡುವುದೂ ಇಲ್ಲ ಎಂದುಕೊಂಡೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಭದ್ರಾವತಿಗೆ ಹೊರಟೆವು. ಭದ್ರಾ ಸೇತುವೆ ಬಂದಾಗ ಎದ್ದು ಕೂತು ನೀರು ನೋಡಿದಳು. ಬೀದಿಯವರೆಲ್ಲ ಗೇಟಿನ ಹತ್ತಿರವೇ ನಿಂತಿದ್ದರು. ಪಕ್ಕದ ಮನೆಯ ಅಕ್ಕ ಮುಂದೆ ಬಂದರು. ಊರಿನ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಅವರ ಅಪ್ಪನ ಕಾಲದಲ್ಲಿ ತಮಿಳುನಾಡಿನಿಂದ ಬಂದ ಮನೆತನ, ನಮ್ಮ ಮನೆಯ ಬೀಗದ ಕೈ ಅವರಲ್ಲೇ ಇತ್ತು.

"ನೋಡಿ ಅಮ್ಮಾ ನಿಮ್ಮ ಗಿಡ, ಹೆಂಗೆ ಬೆಳೆದಿದೆ! ಒಂದು ದಿನಾನೂ ಒಣಗೋಕೆ ಬಿಟ್ಟಿಲ್ಲ ನಾವು."

ಗಿಡ ಗೋಡೆ ಮೀರಿ ಎದ್ದಿತ್ತು. ಅಗಲ ಎಲೆ, ಕಣ್ಣಿಗೆ ತಂಪಾಗುವ ಎಳೆಹಸಿರು. ಅಮ್ಮಿ ಚಿಕಿತ್ಸೆಗೆ ಹೋದ ದಿನದಿಂದ ಇಡೀ ಬೀದಿ ಅದಕ್ಕೆ ನೀರು ಹಾಕಿತ್ತು. ಅಕ್ಕ ದಿನವೂ ಅಕ್ಕಿ ತೊಳೆದ ನೀರು, ಎದುರು ಮನೆಯ ನಿವೃತ್ತ ಕಾರ್ಮಿಕರು ಒಂದು ಬಕೆಟ್ ನೀರಿನ ಜೊತೆ ಸಗಣಿ ಗೊಬ್ಬರ, ನಮಾಜಿಗೆ ಹೋಗುವವರು ಒಂದೊಂದು ಚೊಂಬು. ಗಿಡಕ್ಕೆ ರೋಜಾ ಹಿಡಿಸುವ ಪದ್ಧತಿ ಅವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಮನಸ್ಸು ಬಂದಿರಲಿಲ್ಲ. ಅಮ್ಮಿ ಕಾಯಿಲೆಯಲ್ಲಿ ಒಣಗುತ್ತಿರುವಾಗ ಅವಳ ಗಿಡ ಗೇಟಿನ ಮುಂದೆ ಒಣಗುವುದನ್ನು ನೋಡಲು ಅವರಿಂದ ಆಗಿರಲಿಲ್ಲ.

ಅಮ್ಮಿ ಒಂದು ಎಲೆ ಕಿತ್ತು ಅಂಗೈಯಲ್ಲಿ ಹಾಕಿ ಉಜ್ಜಿದಳು. ಕೈ ನೋಡಿಕೊಂಡಳು, ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ನನಗೂ.

"ನನ್ನ ಮಕ್ಕಳಿಗಿಂತ ಚೆನ್ನಾಗಿ ನೋಡ್ಕೊಂಡಿದ್ದೀರಿ" ಎಂದು ಅಕ್ಕನ ಕೆನ್ನೆ ಸವರಿದಳು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಎಲೆ ಅರೆದವಳು ನಾನು. ನಿಂಬೆಹುಳಿ, ಚಹಾದ ಕಷಾಯ ಎಲ್ಲ ಹಾಕಿ, ಕೈಯಲ್ಲಿ ಬಲವಿದ್ದಷ್ಟು ನುಣ್ಣಗೆ ಅರೆದೆ. ಮನಸ್ಸಿನಲ್ಲಿ ಮಾತ್ರ, ಎಲೆಯಲ್ಲಿ ಇಲ್ಲದ ಬಣ್ಣ ಅರೆದರೆ ಬಂದೀತೇ ಎಂದುಕೊಳ್ಳುತ್ತಿದ್ದೆ. ಸಂಜೆ ಬೀದಿಯ ಹೆಂಗಸರೆಲ್ಲ ಸೇರಿ ಹಾಡಿದರು. ಅಮ್ಮಿ ದಿಂಬಿಗೆ ಒರಗಿ, ತನ್ನ ಕೈಯಾರೆ ತಂಗಿಯ ಅಂಗೈ ಮಧ್ಯೆ ಒಂದು ದುಂಡು ಇಟ್ಟು, ಬೆರಳ ತುದಿಗಳಿಗೆ ಮದರಂಗಿಯ ಟೋಪಿ ತೊಡಿಸಿದಳು. ಅಷ್ಟಕ್ಕೇ ಅವಳಿಗೆ ಏದುಸಿರು ಬಂತು. ಮಿಕ್ಕ ಗೆರೆಗಳನ್ನು ನಾನು ಎಳೆದೆ.

ಬೆಳಿಗ್ಗೆ ತೊಳೆದಾಗ ತಂಗಿಯ ಕೈ ತೆಳು ಚಹಾದ ಬಣ್ಣಕ್ಕಿತ್ತು. ಅವಳು ಮುಷ್ಟಿ ಬಿಗಿದುಕೊಂಡು ಅಮ್ಮಿಯ ಮುಂದೆ ನಿಂತಳು. "ಬಿಡಿಸು" ಎಂದಳು ಅಮ್ಮಿ. ತುಂಬ ಹೊತ್ತು ನೋಡಿದಳು.

"ಗಾಳಿ ತಾಗಿದ ಹಾಗೆ ಇನ್ನೂ ಕಡುವಾಗುತ್ತೆ ಅಮ್ಮಿ" ಎಂದೆ. ಅದು ಸುಳ್ಳಲ್ಲ. ಒಂದೆರಡು ದಿನ ಬಣ್ಣ ಏರುತ್ತಲೇ ಇರುತ್ತದೆ. ಆದರೆ ಎಷ್ಟು ಏರೀತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ನಿಕಾಹ್ ಆಯಿತು, ತಂಗಿ ಹೋದಳು. ಅಮ್ಮಿ ಮತ್ತೆ ಗೋಪಾಳಕ್ಕೆ ಬರಲೊಪ್ಪಲಿಲ್ಲ. ನಾನು ರಜೆ ಹಾಕಿ ಹಳೇನಗರದಲ್ಲೇ ಉಳಿದೆ. ಕಿಟಕಿಯಿಂದ ಗಿಡ ಕಾಣುತ್ತಿತ್ತು. ಅದರ ಬುಡದ ಎಲೆಗಳು ಹಳದಿಯಾಗತೊಡಗಿದ್ದವು. ಕೆದಕಿ ನೋಡಿದೆ. ಬೇರು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು, ನೀರು ನಿಂತ ಮಣ್ಣಿನಲ್ಲಿ ಉಸಿರು ಕಟ್ಟಿ. ಮಣ್ಣು ಮುಚ್ಚಿ ಎದ್ದೆ.

"ಉಳಿಯುತ್ತಾ?" ಎಂದು ಅಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು. ಕೇಳಿದ್ದು ಗಿಡದ ಬಗ್ಗೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. "ನೋಡೋಣ ಅಕ್ಕ" ಎಂದೆ.

ಮದುವೆಯಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ತಂಗಿ ವಿಡಿಯೋ ಕಾಲ್ ಮಾಡಿ ಎರಡೂ ಅಂಗೈ ತೋರಿಸಿದಳು. ಕೈ ಕಡುಗೆಂಪಾಗಿತ್ತು, ಹೆಚ್ಚುಕಡಿಮೆ ಕಪ್ಪೇ. "ನೋಡು ಅಮ್ಮಿ, ಬಂತು! ನಮ್ಮ ಗಿಡದ್ದೇ. ನೀನಿಟ್ಟ ದುಂಡು ನೋಡು!" ಅಮ್ಮಿ "ಮಾಷಾಅಲ್ಲಾ" ಎಂದು ನಕ್ಕಳು, ಫೋನಿಗೇ ಮುತ್ತು ಕೊಟ್ಟಳು. ಕರೆ ಮುಗಿದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

"ಅದು ಕೋನ್" ಎಂದಳು. "ನನಗೆ ತಿಳಿಯಲ್ವಾ? ಪಾಪ, ಮದುವೆ ಹುಡುಗಿ, ಒಬ್ಬಳೇ ಅಂಗಡಿಗೆ ಹೋಗಿ ತಂದು, ಯಾರಿಗೂ ಕಾಣದ ಹಾಗೆ ಕೂತು ಹಚ್ಕೊಂಡಿರ್ತಾಳೆ. ಆ ಮನೇಲಿ ಅವಳಿಗೆ ಹಚ್ಚೋರೂ ಇಲ್ಲ."

ನಾನು ಅವಳ ಬೆನ್ನು ನೀವುತ್ತ ಕೂತೆ. ಆ ವಾರವೇ ಒಂದು ಮಧ್ಯಾಹ್ನ, ಅಕ್ಕ ಕೊಟ್ಟ ರಸಂ ಅನ್ನ ಒಂದು ತುತ್ತು ತಿಂದು, ಸಾಕು ಎಂದು ಮಲಗಿದವಳು ಏಳಲಿಲ್ಲ.

ಸಾವಿನ ಮೂರನೆಯ ದಿನ ಸೇರಿ ಪ್ರಾರ್ಥಿಸುವ ಜಿಯಾರತ್‌ಗೆ ತಂಗಿಯ ಅತ್ತೆ ಬಂದರು. ಊಟ ಮುಗಿದ ಮೇಲೆ ಒಬ್ಬರೇ ಗಿಡದ ಹತ್ತಿರ ನಿಂತಿದ್ದರು. ಚಹಾ ಕೊಡಲು ಹೋದೆ. ಲೋಟ ಹಿಡಿದ ಕೈಯ ಹೆಬ್ಬೆರಳು, ತೋರುಬೆರಳು ಕಪ್ಪುಗೆಂಪಾಗಿದ್ದವು, ಉಗುರಿನ ಸಂದಿಯವರೆಗೂ. ನಾನು ಅದನ್ನೇ ನೋಡುತ್ತಿರುವುದು ಅವರಿಗೆ ತಿಳಿಯಿತು.

"ಕೋನ್ ಒಡೆದುಹೋಯ್ತು, ಬೆರಳಲ್ಲೇ ಹಚ್ಚಿದೆ" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. "ಹುಡುಗಿ ಊಟಕ್ಕೆ ಕೂತ್ರೂ ಅಂಗೈ ಮುಚ್ಚಿಟ್ಕೊಳ್ಳೋಳು. ಕೇಳಿದ್ದಕ್ಕೆ ಅತ್ತುಬಿಟ್ಟಳು. ಅಮ್ಮಿ ಬಣ್ಣ ನೋಡೋಕೆ ಕಾಯ್ತಿದ್ದಾರೆ ಅಂದಳು. ಅದಕ್ಕೆ ನಾನೇ ಕೂರಿಸ್ಕೊಂಡು, ನೀವು ಎಳೆದ ಗೆರೆ ಮೇಲೇನೇ, ಒಂದೂ ತಪ್ಪದ ಹಾಗೆ... ಗಿಡದ್ದೇ ಅಂತ ಹೇಳು ಅಂತ ನಾನೇ ಹೇಳಿಕೊಟ್ಟೆ. ಅವರು ನಂಬಿದ್ರಾ?"

ಆ ಮುಖದಲ್ಲಿ ಈಗಲೂ ನಗುವಿರಲಿಲ್ಲ. ಕಣ್ಣು ಮಾತ್ರ ತುಂಬಿತ್ತು. "ನಂಬಿದ್ರು" ಎಂದೆ.

ಎಲೆಗೆ ಬಿದ್ದ ಪೆಟ್ಟಿನ ಸುದ್ದಿ ಕೆಲವೇ ಗಂಟೆಗಳಲ್ಲಿ ಇನ್ನೊಂದು ಎಲೆಗೆ ತಲುಪುತ್ತದೆ. ಇದನ್ನು ಎಷ್ಟು ಸಲ ಅಳೆದಿದ್ದೇನೋ. ಅಮ್ಮೀ, ನೀನು ನೋಡಿದ ಬಣ್ಣ ಅವರದ್ದೇ, ಅವರೇ ಕೂರಿಸಿಕೊಂಡು ಹಚ್ಚಿದ್ದು ಎಂದು ಈಗಲೇ ಹೇಳಬೇಕೆಂದು ಜಗುಲಿ ಹತ್ತಿ, ನಡುಮನೆಯಲ್ಲಿ ಕೂತ ಜನರನ್ನು ದಾಟಿ, ಕೋಣೆಯ ಬಾಗಿಲವರೆಗೂ ಹೋದೆ.

ಮಂಚದ ಮೇಲೆ ಹಾಸಿಗೆಯನ್ನು ಸುತ್ತಿಟ್ಟಿದ್ದರು.