ಮಂದ್ರ ಸ್ವರದ ಜಾಗ

ತುಂಗಾ ಯಾರ ಸಹಾಯವನ್ನೂ ಕೇಳದ, ಕೊಡಲು ಬಂದವರನ್ನೂ ಸಹಿಸದ ಹೆಂಗಸು. ವಿಮಾ ಕಚೇರಿಯಲ್ಲಿದ್ದಾಗ ಕೈಕೆಳಗಿನವರ ಕೆಲಸವನ್ನೂ ತಾನೇ ಮಾಡಿ, ಆಮೇಲೆ ಅವರನ್ನು ಸೋಮಾರಿಗಳೆಂದು ಬೈಯುತ್ತಿದ್ದಳು. ನಿವೃತ್ತಳಾದ ಮೇಲೆ ಬೈಯಲು ತಾಂಬರಂ ಮನೆಯಲ್ಲಿ ಗಂಡನೊಬ್ಬನೇ ಉಳಿದ.

ಗಂಡ ವೆಂಕಟೇಶ ಎಲೆಕ್ಟ್ರಿಕ್ ಟ್ರೇನಿನಲ್ಲಿ ಗಾರ್ಡ್ ಆಗಿದ್ದವನು. ಸದಾ ಗುನುಗುವ ಚಟ, ಪಾತಾಳದಿಂದ ಬಂದಂಥ ದನಿ. "ರೀ, ಸುಮ್ನಿರಿ" ಎಂಬುದು ಮದುವೆಯಾದ ಲಾಗಾಯ್ತಿನಿಂದ ಆ ಮನೆಯ ಮಾತು.

ಮೊಣಕಾಲು ಕೆಟ್ಟು ವೀಣೆಗೆ ಕೂರಲಾಗದೆ ತುಂಗಾ, ಕುರ್ಚಿಯಲ್ಲಿ ಕೂತೇ ನುಡಿಸಬಹುದಾದ, ಪುಟ್ಟ ಗಿಟಾರಿನಂಥ ಯುಕುಲೇಲಿ ಹಿಡಿದಳು. ಟಿ. ನಗರದ ಒಂದು ಮಹಡಿಯಲ್ಲಿ ಅದನ್ನು ಕಲಿಸುವ ಸಮೀರ್ ಒಮ್ಮೆ ಲ್ಯೂಟ್ ಎಂಬ ಹಳೆಯ ತಂತಿವಾದ್ಯದ ರೆಕಾರ್ಡಿಂಗ್ ಕೇಳಿಸಿದ. ನಾನೂರು ವರ್ಷದ ಹಿಂದಿನ ಯುರೋಪಿನ ಕುಣಿತದ ಸಂಗೀತ. ಅದನ್ನು ಯುಕುಲೇಲಿಗೆ ಹೊಂದಿಸಿ, ಒಂದು ಸ್ವರವನ್ನೂ ಬಿಡದೆ ವಾರ್ಷಿಕ ಕೂಟದಲ್ಲಿ ನುಡಿಸುತ್ತೇನೆಂದು ತುಂಗಾ ಎಲ್ಲರೆದುರು ಹೇಳಿಬಿಟ್ಟಳು.

"ಮುಡಿಯಾದು ಆಂಟಿ, ಆಗಲ್ಲ. ಅದ್ರಲ್ಲಿ ಆರು ಸಾಲು ತಂತಿ, ನಮ್ದ್ರಲ್ಲಿ ನಾಲ್ಕೇ. ಬೇಸ್ ನೋಟ್ಸ್ ಎಲ್ಲಿಂದ ತರ್ತೀರಾ? ಬಿಟ್ಬಿಡಿ."

"ಬಿಡೋದು ಹೇಗೆ ಅಂತ ನಿನ್ನ ಕೇಳಿದ್ನೇನೋ?"

ಮೇಲಿನ ಸ್ವರಗಳು ಮಾತು ಕೇಳಿದವು. ಮಂದ್ರ ಸ್ವರಗಳಿಗೆ ಮಾತ್ರ ಜಾಗವಿರಲಿಲ್ಲ. ಒಂದು ಸ್ಥಾಯಿ ಮೇಲೆತ್ತಿದರೆ ಧಾಟಿಗೇ ಅಡ್ಡಗಾಲು ಹಾಕಿದವು. ನಾಲ್ಕನೆಯ ತಂತಿ ತೆಗೆದು ದಪ್ಪನೆಯದನ್ನು ಕಟ್ಟಿದಳು. ಅದೂ ಬೇಕಾದಷ್ಟು ಕೆಳಗಿಳಿಯದೆ ಅರ್ಧ ದಾರಿಯಲ್ಲೇ ನಿಂತಿತು. ಬರೆದು ಅಳಿಸಿ ಹಾಳೆ ತೂತಾಯಿತು.

"ಸ್ವಲ್ಪ ಬಿಟ್ಟೇ ನುಡ್ಸೇ. ಯಾರಿಗ್ ಗೊತ್ತಾಗತ್ತೆ?" ಎಂದ ವೆಂಕಟೇಶ, ಬೀನ್ಸ್ ಹೆಚ್ಚುತ್ತ.

"ನಂಗೊತ್ತಾಗತ್ತೆ. ನಿಮ್ಮ ಟ್ರೇನಿನ ಕೊನೇ ಬೋಗಿ ಬಿಟ್ಟುಬಂದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ವಾ?"

"ಕೊನೇ ಬೋಗೀಲಿ ನಾನೇ ಇರ್ತಿದ್ನಲ್ಲೇ!"

ತುಂಗಾ ನಗಲಿಲ್ಲ, ಮತ್ತೆ ನುಡಿಸಿದಳು. ಅವನ ಗುನುಗು ತಾನಾಗಿಯೇ ಬಂದು ಧಾಟಿಯ ಕೆಳಗೆ ಕೂತಿತು.

"ರೀ, ಸುಮ್ನಿರಿ."

ಸುಮ್ಮನಾದ. ಅದೇ ಸಾಲನ್ನು ಇನ್ನೊಮ್ಮೆ ನುಡಿಸಿದಳು. ಬುಡವಿಲ್ಲದ ಪಾತ್ರೆಯಂತೆ ಕೇಳಿಸಿತು. ರಬ್ಬರ್ ತೆಗೆದುಕೊಂಡು, ತಾನು ತುರುಕಿದ್ದ ಮಂದ್ರ ಸ್ವರಗಳನ್ನೆಲ್ಲ ಅಳಿಸಿ ಜಾಗ ಖಾಲಿ ಬಿಟ್ಟಳು. ಮರುದಿನದಿಂದ ಅವಳು ಅಭ್ಯಾಸ ಮಾಡುವಾಗ ಅವನು ಗುನುಗಿದರೂ ಬೈಗುಳ ಬರಲಿಲ್ಲ.

"ಮೈ ಹುಷಾರಿಲ್ವೇನೇ?" ಎಂದು ಅವನೇ ಗಾಬರಿಯಿಂದ ಕೇಳಿದ.

"ಹುಷಾರಾಗೇ ಇದೀನಿ. ನಿಮ್ಮ ಕೆಲಸ ನೋಡಿ."

ಕೂಟದ ದಿನ ವೆಂಕಟೇಶ ಹಿಂದಿನ ಸಾಲಿನಲ್ಲಿ ಹೆಂಡತಿಯ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸಮೀರ್ ತುಂಗಾಳ ಹೆಸರು ಕರೆದ. ಅವಳು ಮುಂದೆ ಹೋಗಿ ಕೂತು ಶ್ರುತಿ ನೋಡಿಕೊಂಡಳು. ಆದರೆ ನುಡಿಸಲು ತೊಡಗಲಿಲ್ಲ. ಎದ್ದು, ಗೋಡೆಯ ಬಳಿಯಿದ್ದ ಇನ್ನೊಂದು ಕುರ್ಚಿಯನ್ನು ಎಳೆದು ತನ್ನ ಪಕ್ಕಕ್ಕೆ ಹಾಕಿದಳು.

"ರೀ, ಚೀಲ ಅಲ್ಲಿಟ್ಟು ಬನ್ನಿ."

"ನಾನಾ? ಬಂದು ಏನ್ ಮಾಡ್ಲಿ?"

"ಬೀನ್ಸ್ ಹೆಚ್ಚೋವಾಗ ಏನ್ ಮಾಡ್ತೀರೋ, ಅದೇ."

ಅವನು ಬಂದು ಕೂರುವವರೆಗೂ ಅವಳು ಆ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.