ನಾನು ಕಟ್ಟಿದ ಪುಕ್ಕದ ಗಾಳ

ಗಾಳಕ್ಕೆ ಪುಕ್ಕ ಕಟ್ಟುವ ಕೆಲಸವನ್ನು ನಾನಾಗಿ ಕೇಳಿ ಮೈಮೇಲೆ ಎಳೆದುಕೊಂಡದ್ದಲ್ಲ. ಯುದ್ಧ ನಡೆಯುತ್ತಿದ್ದ ಕಾಲ. ನನ್ನ ಗಂಡ ಮೂರ್ನಾಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿ ಹಿಡಿಯುವುದು, ಪಿಕ್ಕಿಂಗ್ ಸಮಯದಲ್ಲಿ ಹಣ್ಣು ಅಳೆಸುವುದು ಅವರ ಕೆಲಸ. ಅಲ್ಲಿಯ ಬಿಳಿ ದೊರೆಗೆ ಇವರ ಮೇಲೆ ಏನು ಪ್ರೀತಿ ಉಕ್ಕಿತೋ, ತನ್ನ ಹಳೆಯ ಗಾಳದ ಕೋಲನ್ನೂ ಕಾವೇರಿಯಲ್ಲಿ ಭಾನುವಾರ ಮೀನು ಹಿಡಿಯಲು ಒಂದು ಪರ್ಮಿಟ್ಟನ್ನೂ ಕೊಟ್ಟುಬಿಟ್ಟ. ಹೊಳೆಯ ಆ ಭಾಗ ದೊರೆಗಳ ಕ್ಲಬ್ಬಿನ ಹಿಡಿತದಲ್ಲಿತ್ತು. ಅಲ್ಲಿ ಬಲೆ ಬೀಸುವಂತಿಲ್ಲ, ಗಾಳಕ್ಕೆ ರಾಗಿಮುದ್ದೆ, ಎರೆಹುಳ ಚುಚ್ಚುವಂತಿಲ್ಲ. ಪುಕ್ಕದ ಹುಸಿಮೀನು ತೋರಿಸಿ ನಿಜವಾದ ಮೀನಿಗೆ ಮೋಸ ಮಾಡಬೇಕು. ಅದೇ ಮರ್ಯಾದಸ್ಥರ ರೀತಿಯಂತೆ.

ಅಂಥ ಗಾಳಗಳು ಹಡಗಿನಲ್ಲಿ ಬರುತ್ತಿದ್ದದ್ದು ದೊರೆಗಳ ಸೀಮೆಯಿಂದ. ಯುದ್ಧ ಶುರುವಾದ ಮೇಲೆ ಬರುವುದು ನಿಂತಿತ್ತು. ದೊರೆ ಹರಿದುಹೋದ ಒಂದನ್ನು ಮಾದರಿಗೆ ಕೊಟ್ಟಿದ್ದ. ಅವನ ಮಾತಿನಲ್ಲಿ ಅದು 'ಜಿಗ್'. ತಲೆಯ ಕಡೆ ಒಂದು ಸೀಸದ ಗುಂಡು, ಅದರ ಹಿಂದೆ ಕೊಕ್ಕೆ ಮುಚ್ಚುವಷ್ಟು ಪುಕ್ಕ. ನನ್ನ ಗಂಡ ಅದನ್ನು ತಂದು ನನ್ನ ಮುಂದಿಟ್ಟರು.

"ನೀನು ಹೂ ಕಟ್ಟುವವಳಲ್ವಾ? ನಿಂಗೆ ಇದೆಂತ ದೊಡ್ಡ ವಿಷಯ?"

ಹೂ ಕಟ್ಟುವುದು ಬೇರೆ, ಇದು ಬೇರೆ. ನಮ್ಮ ಸಂತೆಯಲ್ಲಿ ಸಿಗುವ ಕೊಕ್ಕೆಗೆ ದಾರ ಪೋಣಿಸುವ ಕಣ್ಣೇ ಇರುವುದಿಲ್ಲ. ಕೋಲಿನಿಂದ ಬರುವ ದಾರದ ತುದಿಯನ್ನು ಕೊಕ್ಕೆಯ ಕಡ್ಡಿಗೆ ಒತ್ತಿ ಹಿಡಿದು, ಜೇನುಮೇಣ ಸವರಿದ ರೇಷ್ಮೆ ನೂಲನ್ನು ಅದರ ಮೇಲೆ ಒತ್ತೊತ್ತಾಗಿ ಸುತ್ತಬೇಕು. ಸುತ್ತುತ್ತಲೇ ಹುಂಜದ ಕತ್ತಿನ ಪುಕ್ಕ ಸೇರಿಸಬೇಕು. ಕೊನೆಗೆ ಕೋವಿಗೆಂದು ಇಟ್ಟ ಸೀಸದ ಚರೆಯನ್ನು ಕತ್ತಿಯಿಂದ ಸೀಳಿ, ತಲೆಯ ಕಡೆ ಕಚ್ಚಿಸಿ ಬಡಿಯಬೇಕು. ಎರಡೇ ಕೈಗಳಲ್ಲಿ ಇಷ್ಟೆಲ್ಲ! ನೂಲು ಬಿಗಿ ಮಾಡಿದರೆ ಪುಕ್ಕ ತಿರುಗುತ್ತಿತ್ತು, ಪುಕ್ಕ ಹಿಡಿದರೆ ನೂಲು ಸಡಿಲಾಗುತ್ತಿತ್ತು. ಸೀನು ಬಂದರಂತೂ ಮುಗಿಯಿತು, ಪುಕ್ಕವೆಲ್ಲ ಅಡಿಗೆಮನೆ ತುಂಬ. ಮೊದಲು ಕಟ್ಟಿದ್ದು ಮೀನಿನ ಹಾಗೆ ಕಾಣದೆ, ಬೆಕ್ಕು ಕಚ್ಚಿ ಬಿಟ್ಟ ಕೋಳಿಮರಿಯ ಹಾಗಿತ್ತು. ಸಿಟ್ಟು ಬಂದು ಒಲೆಗೆ ಎಸೆದೆ. ಆಮೇಲೆ ಕೊಕ್ಕೆಯ ನೆನಪಾಗಿ ಬೂದಿ ಕೆದಕಿದೆ.

ಅಂತೂ ಒಂದು ಸರಿಯಾಯಿತು. ಭಾನುವಾರ ಅವರು ಕೋಲು ಹೊತ್ತು ಹೋದರು. ಸಂಜೆ ಬರುವಾಗ ದಾರದ ತುದಿ ಬೋಳು.

"ಬಿಳಿಮೀನು ಹಿಡಿದಿತ್ತು ಮಾರಾಯ್ತಿ! ಇಷ್ಟುದ್ದ! ನಿನ್ನ ಕಟ್ಟು ಬಿಚ್ಚಿಹೋಯ್ತು ನೋಡು."

ಆ ಮಾತು ನನ್ನನ್ನು ಸುಟ್ಟಿತು. ನನ್ನ ಕೈಯ ಕೆಲಸ ಗಟ್ಟಿಯಿಲ್ಲ ಎಂದು ತವರಿನಲ್ಲಿ ಯಾರೂ ಅಂದವರಿಲ್ಲ. ಭತ್ತದ ಹೊರೆಗೆ ನಾನು ಹಾಕಿದ ಕಟ್ಟನ್ನು ಬಿಚ್ಚಲು ಕತ್ತಿಯೇ ಬೇಕು ಎಂದು ಅಣ್ಣಂದಿರು ಬೈಯುತ್ತಿದ್ದರು. ನನಗೆ ಮೀನಿನ ಸಾರಿನ ಆಸೆ ಇರಲಿಲ್ಲ. ನನ್ನ ಕಟ್ಟಿನಲ್ಲಿ ಒಂದು ಮೀನು ನಿಂತು ದಡಕ್ಕೆ ಬರಬೇಕು, ಅಷ್ಟೇ ಬೇಕಾದದ್ದು.

ಮುಂದಿನ ಭಾನುವಾರಕ್ಕೆ ಇನ್ನಷ್ಟು ನೂಲು ಸುತ್ತಿದೆ. ಸಂಜೆ ಮತ್ತೆ ಬೋಳು ದಾರ, ಮತ್ತೆ "ನಿನ್ನ ಕಟ್ಟು". ಮೇಣ ಹೆಚ್ಚು ಹಾಕಿದೆ, ಮೇಲೆ ಹಲಸಿನ ಅಂಟು ಬಳಿದೆ. ಬೆರಳಿನ ಸಂದುಗಳಲ್ಲಿ ನೂಲು ಕೊರೆದು ಗಾಯವಾಗಿ, ಮೆಣಸು ಅರೆಯುವಾಗ ಜೀವ ಹೋಗುತ್ತಿತ್ತು. ದೊಡ್ಡ ಮೀನು ತಳದಲ್ಲಿರುತ್ತದೆ, ಭಾರ ಸಾಲದು ಎಂದರು ನನ್ನ ಗಂಡ. ಚರೆಯ ಮೇಲೆ ಚರೆ ಬಡಿದೆ. ಅದೂ ಹೋಯಿತು. ಇನ್ನೂ ಭಾರ ಮಾಡಿದೆ. ಅದು ಇನ್ನೂ ಬೇಗ ಹೋಯಿತು. ಅವರು ಮಧ್ಯಾಹ್ನದ ಊಟಕ್ಕೇ ವಾಪಸು.

ಹುಂಜದ ಕತ್ತು ಬೋಳಾಗಿ, ಅದು ನನ್ನನ್ನು ಕಂಡರೆ ಸೌದೆಕೊಟ್ಟಿಗೆ ಸೇರುತ್ತಿತ್ತು. ಅತ್ತೆ ಸುಮ್ಮನಿರುತ್ತಾರೆಯೇ?

"ಊರಿನವ್ರು ಕೋಳಿ ತಿಂದು ಪುಕ್ಕ ಬಿಸಾಡ್ತಾರೆ. ನೀನು ಪುಕ್ಕಾನ ಮೀನಿಗೆ ತಿನ್ನಿಸ್ತಿ. ಚರೆ ಎಲ್ಲ ಹೊಳೆ ಪಾಲು. ನಾಳೆ ಗದ್ದೆಗೆ ಹಂದಿ ಬಂದ್ರೆ ಕೋವಿಗೆ ಎಂತ ತುಂಬ್ಸುದು, ಜೇನುಮೇಣವಾ?"

ನನ್ನ ಗಂಡ ತಟ್ಟೆ ನೋಡುತ್ತಾ ಉಣ್ಣುತ್ತಿದ್ದರು. ಕಟ್ಟಿದವಳು ನಾನಲ್ಲವೇ, ತಪ್ಪೂ ನನ್ನದೇ.

ಆ ವರ್ಷ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಕೈಕೊಟ್ಟಿತು. ಮನೆಯ ಪಕ್ಕದ ತೋಡು ಒಣಗಿದ್ದರಿಂದ ಕಂಬಳಿ ಒಗೆಯಲು ಅತ್ತೆ ಮತ್ತು ನಾನು ಕಾವೇರಿಗೇ ಹೋದೆವು. ಇವರು ಗಾಳ ಹಾಕುತ್ತಿದ್ದ ಗುಂಡಿ ಅದೇ ಎಂದು ಅತ್ತೆ ತೋರಿಸಿದರು. ನೀರು ತುಂಬ ಇಳಿದಿತ್ತು. ನಡುವೆ, ಯಾವುದೋ ಮಳೆಗಾಲದಲ್ಲಿ ಉರುಳಿದ ದೊಡ್ಡ ಮತ್ತಿಮರವೊಂದು ಕೊಂಬೆಗಳ ಸಮೇತ ಬೆನ್ನು ತೋರಿಸಿಕೊಂಡು ಬಿದ್ದಿತ್ತು. ಅದರ ಮೇಲೆ ಅಲ್ಲಲ್ಲಿ ಕೆಂಪಗೆ ಏನೋ ಕಂಡಿತು. ಮೊದಲು ಹೂ ಅಂದುಕೊಂಡೆ.

ಅದು ನನ್ನ ರೇಷ್ಮೆ ನೂಲು. ಹಳೆಯ ಸೀರೆಯ ಅಂಚಿನಿಂದ ನಾನೇ ಬಿಡಿಸಿದ ಕೆಂಪು ನೂಲು ನನಗೆ ಗೊತ್ತಾಗದೇ ಇರುತ್ತದೆಯೇ? ಸೀರೆ ಎತ್ತಿ ಕಟ್ಟಿ ಸೊಂಟಮಟ್ಟದ ನೀರಿಗೆ ಇಳಿದೆ. ನಾನು ಕಟ್ಟಿದ ಗಾಳಗಳೆಲ್ಲ ಅಲ್ಲಿದ್ದವು, ಮರವನ್ನು ಕಚ್ಚಿಕೊಂಡು. ಕೊಕ್ಕೆ ತುಕ್ಕು ಹಿಡಿದಿತ್ತು, ಪುಕ್ಕ ಕೊಳೆತು ಕಡ್ಡಿ ಉಳಿದಿತ್ತು. ಒಂದೊಂದರಲ್ಲೂ ಗೇಣುದ್ದದ ದಾರ ನೇತಾಡುತ್ತಿತ್ತು. ಉಗುರು ಹಾಕಿ ಎಳೆದು ನೋಡಿದೆ. ಒಂದು ಸುತ್ತೂ ಸಡಿಲಾಗಿರಲಿಲ್ಲ. ಹರಿದದ್ದು ಮೇಲಿನ ದಾರ. ಮರಕ್ಕೆ ಸಿಕ್ಕಿಕೊಂಡದ್ದನ್ನು ನೀರಿಗಿಳಿದು ಬಿಡಿಸಲು ಸೋಮಾರಿತನ, ದಡದಲ್ಲಿ ನಿಂತೇ ಎಳೆದಿದ್ದಾರೆ. ಭಾರ ಹೆಚ್ಚಾದಷ್ಟೂ ಗಾಳ ಬೇಗ ತಳ ಸೇರಿ ಕೊಂಬೆಗೆ ಸಿಕ್ಕಿದೆ. ಆ ಭಾರಕ್ಕಾಗಿ ನಾನು ಬೆರಳು ಜಜ್ಜಿಕೊಂಡಿದ್ದೆ!

ನೀರಿನಲ್ಲೇ ನಿಂತು ಅತ್ತುಬಿಟ್ಟೆ. ದುಃಖವಲ್ಲ, ರೋಷ. ದಡದಿಂದ ಅತ್ತೆ, "ಎಂತಾಯ್ತು, ಕಾಲಿಗೆ ಮುಳ್ಳಾ?" ಎಂದು ಕೂಗಿದರು. ಮಡಿಲು ತುಂಬ ಗಾಳ ತಂದು ತೋರಿಸಿದೆ. ಅವರು ಒಂದನ್ನು ಎತ್ತಿ ಹಲ್ಲಿನಿಂದ ನೂಲು ಕಚ್ಚಿ ಎಳೆದು ನೋಡಿದರು. ಆಮೇಲೆ ಎಲ್ಲವನ್ನೂ ತಮ್ಮ ಸೆರಗಿನಲ್ಲಿ ಕಟ್ಟಿಕೊಂಡರು.

ಆ ದಿನ ಮಗನಿಗೆ ಬಡಿಸಿದ್ದು ಅತ್ತೆಯೇ. ತಟ್ಟೆಯಲ್ಲಿ ಅನ್ನವಿರಲಿಲ್ಲ, ನನ್ನ ಗಾಳಗಳಿದ್ದವು.

"ಉಣ್ಣು. ನೀನು ಹಿಡಿದ ಮೀನು," ಅಂದರು.

ನನ್ನ ಗಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಹೇಳಿದ್ದು ಇಷ್ಟೇ: "ದೊರೆ ಕೊಟ್ಟ ಕೋಲು ಹಿಡಿದು ಮರ ಹಿಡಿದೆ ಅಂತ ಹೇಗೆ ಹೇಳುದು?"

ಮುಂದಿನ ಭಾನುವಾರ ನಾನೂ ಹೊರಟೆ. ಒಂದೇ ಒಂದು ಸಣ್ಣ ಚರೆಯ ಹಗುರ ಗಾಳ ಕಟ್ಟಿದ್ದೆ. ಹೆಂಗಸು ಕೋಲು ಹಿಡಿದದ್ದನ್ನು ಕಂಡರೆ ಊರಿನವರು ಏನೆನ್ನುತ್ತಾರೋ ಎಂಬ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ನನ್ನ ಗಂಡ ಪರ್ಮಿಟ್ಟು ಕಿಸೆಯಲ್ಲಿಟ್ಟುಕೊಂಡು ಬಂಡೆಯ ಮೇಲೆ ಕೂತರು. ನಾನು ಕೋಲು ಬೀಸಿದೆ. ಗಾಳ ಚೆನ್ನಾಗಿಯೇ ಹಾರಿತು, ನೀರಿಗೆ ಬಿತ್ತು, ಎರಡು ಮೊಳ ಬಂತು, ನಿಂತುಬಿಟ್ಟಿತು. ಅದೇ ಮತ್ತಿಮರ.

ನಾನು ಎಳೆಯಲಿಲ್ಲ. ಕೋಲನ್ನು ದಡದಲ್ಲಿಟ್ಟು, ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೆ. ಬಂಡೆಯ ಮೇಲಿಂದ ಅವರು ಕೇಳಿದರು:

"ಈಗ ಅವ್ವನ ಹತ್ರ ಎಂತ ಹೇಳ್ತಿ?"

"ಮರಕ್ಕೆ ಸಿಕ್ಕಿತು ಅಂತ ಹೇಳ್ತೇನೆ," ಅಂದೆ. "ಅಷ್ಟು ಹೇಳ್ಲಿಕ್ಕೆ ನಂಗೆ ಎಂತ ಕಷ್ಟ?"